ಕತ್ತಿಕಾಳಗಕ್ಕೆ ಕೌಶಲ ತುಂಬುವುದು ಹೇಗೆ? ನಾಲ್ಕು ಪದ್ಧತಿಗಳ ಹೋಲಿಕೆ

ಹಾಸನ, ಚಿಕ್ಕಮಗಳೂರು ಕಡೆಯ ವಿದ್ಯಾರ್ಥಿಗಳು ತಾವು ಕಟ್ಟುತ್ತಿರುವ ಗೇಮ್‌ಗಳನ್ನು ತಂದು ತೋರಿಸುವಾಗ ನನಗೆ ಹೆಮ್ಮೆಯಾಗುತ್ತದೆ. ಹೊಯ್ಸಳರ ಕಾಲದ ಯೋಧ, ನಕ್ಷತ್ರಾಕಾರದ ಜಗತಿ, ಕಡೆದ ಬಳಪದ ಕಲ್ಲಿನ ಕಂಬಗಳು, ಹಿನ್ನೆಲೆಯಲ್ಲಿ ಮಳೆಗಾಲದ ಮಲೆನಾಡು. ನೋಡಲು ಎಲ್ಲವೂ ಚೆನ್ನ. ಯೋಧ ಕತ್ತಿ ಹಿರಿದ ಮೇಲೆ ಮಾತ್ರ ಆಟ ಸಪ್ಪೆಯಾಗಿಬಿಡುತ್ತದೆ. ಒಂದೇ ಬಟನ್ ಬಡಬಡನೆ ಒತ್ತುತ್ತಾ ಹೋದರೆ ಎದುರಾಳಿಯ ಹೆಲ್ತ್ ಪಟ್ಟಿ ಕರಗುತ್ತದೆ, ಅವನು ಬೀಳುತ್ತಾನೆ, ಮುಂದಿನವನು ಬರುತ್ತಾನೆ.

ಇದಕ್ಕೆ ಪರಿಹಾರ ಕೇಳಿದರೆ ಸಾಮಾನ್ಯವಾಗಿ ಸಿಗುವ ಸಲಹೆ ‘ಇನ್ನಷ್ಟು ಕಾಂಬೊ ಸೇರಿಸಿ’ ಎಂಬುದು. ನಾನು ಇದನ್ನು ಒಪ್ಪುವುದಿಲ್ಲ. ಬಟನ್‌ಗಳ ಸರಣಿ ಉದ್ದವಾದಷ್ಟೂ ಕಂಠಪಾಠ ಹೆಚ್ಚುತ್ತದೆ, ಅಷ್ಟೆ. ಎದುರಾಳಿ ಏನು ಮಾಡಲಿದ್ದಾನೆ ಎಂದು ಓದಬೇಕು, ಓದಿದ್ದಕ್ಕೆ ತಕ್ಕ ಉತ್ತರ ಆರಿಸಬೇಕು, ಆರಿಸಿದ್ದು ತಪ್ಪಾದರೆ ಬೆಲೆ ತೆರಬೇಕು. ಈ ಮೂರೂ ಇರುವ ಕಾಳಗದಲ್ಲಿ ಕೈ ಪಳಗಿದವನು ಗೆಲ್ಲುತ್ತಾನೆ. ಒಂದು ಇಲ್ಲದಿದ್ದರೂ ಗೆಲುವು ಅದೃಷ್ಟಕ್ಕೋ ಆಯುಧದ ಅಂಕಿಗೋ ಹೋಗುತ್ತದೆ.

ಆಯುಧದ ಅಂಕಿಯ ವಿಷಯವನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. 2002ರ ಮಾರೋವಿಂಡ್ ಎಂಬ ಗೇಮ್‌ನಲ್ಲಿ ಕತ್ತಿ ಎದುರಾಳಿಯ ಮೈಯನ್ನು ಹಾದುಹೋಗುವುದು ಕಣ್ಣಿಗೆ ಕಾಣುತ್ತಿದ್ದರೂ ಏಟು ತಗುಲಿತೋ ಇಲ್ಲವೋ ಎಂಬುದನ್ನು ಒಳಗಿನ ಲೆಕ್ಕ ತೀರ್ಮಾನಿಸುತ್ತಿತ್ತು. ನಮ್ಮ ಹುಡುಗರು ಮೊಬೈಲ್‌ನಲ್ಲಿ ಆಡಿ ಬೆಳೆದ ಷ್ಯಾಡೋ ಫೈಟ್ 2ರಲ್ಲಿ ಆಯುಧ, ಕವಚಗಳನ್ನು ಮೇಲ್ದರ್ಜೆಗೆ ಏರಿಸದೆ ಹೋದರೆ ಮುಂದಿನ ಎದುರಾಳಿಯ ಎದುರು ನಿಲ್ಲುವುದೇ ಕಷ್ಟ. ಇಂಥ ವ್ಯವಸ್ಥೆಗಳಿಗೆ ಅವುಗಳದೇ ಆಕರ್ಷಣೆ ಇದೆ. ಆದರೆ ಮಟ್ಟ ಏರಿದಂತೆ ಪೆಟ್ಟಿನ ಬಲ ಹತ್ತು ಪಟ್ಟು ಹೆಚ್ಚುವ ಗೇಮ್‌ನಲ್ಲಿ ಕೆಳಗಿನ ಯಾವ ಪದ್ಧತಿಯನ್ನು ಅಳವಡಿಸಿದರೂ ಫಲವಿಲ್ಲ. ಮೊದಲು ಆ ಅಂತರವನ್ನು ತಗ್ಗಿಸಿ.

ಆರಿಸುವ ಮುನ್ನ: ಏಟು ಓದಲು ಬರುತ್ತದೆಯೇ?

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಮುಂದೆ ಒಮ್ಮೆ ಈ ದೃಷ್ಟಿಯಿಂದ ನಿಂತು ನೋಡಿ. ರಾಮಾಯಣ, ಮಹಾಭಾರತದ ಯುದ್ಧಗಳನ್ನು ಕೆತ್ತಿದ ಪಟ್ಟಿಕೆಗಳಲ್ಲಿ ಆಳುಗಳು ಚಿಕ್ಕವರು, ಆಭರಣ ದಟ್ಟ, ಜಾಗ ಇಕ್ಕಟ್ಟು. ಆದರೂ ಯಾರು ಹೊಡೆಯುತ್ತಿದ್ದಾರೆ, ಯಾರು ತಡೆಯುತ್ತಿದ್ದಾರೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಹೆದೆ ಎಳೆದವನ ಮೊಣಕೈ ಪೂರ್ತಿ ಹಿಂದಕ್ಕೆ ಹೋಗಿರುತ್ತದೆ. ಆಯುಧ ಎತ್ತಿದವನ ತೋಳು ಮೈಯಿಂದ ಬೇರ್ಪಟ್ಟು ಖಾಲಿ ಜಾಗದಲ್ಲಿ ನಿಂತಿರುತ್ತದೆ. ಬೇಲೂರಿನ ದ್ವಾರದ ಪಕ್ಕದಲ್ಲಿ ಮೃಗದೊಡನೆ ಸೆಣಸುವ ಸಳನ ಶಿಲ್ಪದಲ್ಲೂ ಇದೇ ಗುಣ. ನೆರಳು ಮಾತ್ರ ಕಂಡರೂ ಸಾಕು, ಅಲ್ಲಿ ಏನು ನಡೆಯುತ್ತಿದೆ ಎಂದು ಹೇಳಬಹುದು. ಗೇಮ್‌ನ ಅನಿಮೇಷನ್‌ಗೆ ಬೇಕಾದ ಮೊದಲ ಗುಣವೇ ಇದು. ನಿಮ್ಮ ಯೋಧನನ್ನು ಪೂರ್ತಿ ಕಪ್ಪು ಬಣ್ಣದಲ್ಲಿ ತೋರಿಸಿ, ಅವನು ಎಡದಿಂದ ಹೊಡೆಯುತ್ತಾನೋ ಬಲದಿಂದಲೋ ಎಂದು ಆಟ ಗೊತ್ತಿಲ್ಲದ ಒಬ್ಬರನ್ನು ಕೇಳಿ. ಅವರು ತಡವರಿಸಿದರೆ ಉಳಿದ ಕೆಲಸವೆಲ್ಲ ಆಮೇಲೆ.

ಈಗ ಒಂದು ಏಟನ್ನು ಬಿಡಿಸಿ ನೋಡೋಣ. ಪ್ರತಿ ಏಟಿಗೂ ಮೂರು ಭಾಗಗಳಿವೆ: ಕತ್ತಿ ಎತ್ತುವ ಹೊತ್ತು, ಅಲಗು ತಗುಲಬಲ್ಲ ಹೊತ್ತು, ಬೀಸಿದ ಮೇಲೆ ಸಾವರಿಸಿಕೊಳ್ಳುವ ಹೊತ್ತು. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಬಿಡಿ ಚಿತ್ರಗಳು, ಓಡುವ ಗೇಮ್‌ನಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 16.7 ಮಿಲಿಸೆಕೆಂಡ್. ಎತ್ತುವ ಹೊತ್ತು 24 ಫ್ರೇಮ್ ಇಟ್ಟಿದ್ದೀರಿ ಎಂದುಕೊಳ್ಳಿ, ಅಂದರೆ 400 ಮಿಲಿಸೆಕೆಂಡ್. ಕಂಡದ್ದಕ್ಕೆ ಬೆರಳು ಸ್ಪಂದಿಸಲು ಮನುಷ್ಯರಿಗೆ ಸುಮಾರು 250 ಮಿಲಿಸೆಕೆಂಡ್ ಬೇಕು, ಅದು 15 ಫ್ರೇಮ್. ಪರದೆ ಮತ್ತು ಕಂಟ್ರೋಲರ್ ಸೇರಿ 3 ಫ್ರೇಮ್ ನುಂಗಿದರೆ ಉಳಿಯುವುದು 6. ಒಂದೇ ಕಂಪ್ಯೂಟರ್ ಮುಂದೆ ಕುಳಿತು ಆಡುವವರಿಗೆ ಇದು ಬಿಗಿಯಾದರೂ ನ್ಯಾಯವಾದ ಅವಕಾಶ. ಅದೇ ಆಟವನ್ನು ಇಂಟರ್ನೆಟ್‌ಗೆ ಹಾಕಿ, ಹೋಗಿ ಬರುವ ವಿಳಂಬ 80 ಮಿಲಿಸೆಕೆಂಡ್ ಇದ್ದರೆ ಇನ್ನೂ 5 ಫ್ರೇಮ್ ಹೋಯಿತು. ಉಳಿದದ್ದು ಒಂದೇ ಫ್ರೇಮ್. ಜೊತೆಗೆ ಎಡ, ಬಲ, ಮೇಲು ಎಂದು ಮೂರರಲ್ಲಿ ಒಂದನ್ನು ಆರಿಸಬೇಕಾದಾಗ ಮನುಷ್ಯನ ಸ್ಪಂದನೆ ಇನ್ನೂ ನಿಧಾನವಾಗುತ್ತದೆ. ಅಲ್ಲಿಗೆ ಓದುವುದು ಮುಗಿದು ಊಹೆ ಶುರುವಾಗುತ್ತದೆ. ಮುಂದಿನ ನಾಲ್ಕು ಪದ್ಧತಿಗಳಲ್ಲಿ ಯಾವುದು ನಿಮಗೆ ಒಗ್ಗುತ್ತದೆ ಎಂಬುದನ್ನು ಬಹುಮಟ್ಟಿಗೆ ಈ ಲೆಕ್ಕವೇ ತೀರ್ಮಾನಿಸುತ್ತದೆ.

ದಮ್ಮಿನ ಪದ್ಧತಿ

2009ರ ಡೀಮನ್ಸ್ ಸೋಲ್ಸ್, 2011ರ ಡಾರ್ಕ್ ಸೋಲ್ಸ್ ಮೂಲಕ ಮನೆಮಾತಾದ ದಾರಿ ಇದು. ಯೋಧನ ದಮ್ಮನ್ನು (ಸ್ಟ್ಯಾಮಿನಾ) ಪರದೆಯ ಮೇಲೆ ಒಂದು ಪಟ್ಟಿ ತೋರಿಸುತ್ತದೆ. ಹೊಡೆದರೆ ದಮ್ಮು ಖರ್ಚು, ಉರುಳಿ ತಪ್ಪಿಸಿಕೊಂಡರೆ ಖರ್ಚು, ಗುರಾಣಿಯ ಮೇಲೆ ಏಟು ಬಿದ್ದರೂ ಖರ್ಚು. ಗುರಾಣಿ ಎತ್ತಿಕೊಂಡೇ ಇದ್ದರೆ ದಮ್ಮು ನಿಧಾನವಾಗಿ ತುಂಬುತ್ತದೆ. ಇದಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿದೆ: ಒಮ್ಮೆ ಬೀಸಲು ಶುರುಮಾಡಿದ ಏಟನ್ನು ಹಿಂದಕ್ಕೆ ಪಡೆಯುವಂತಿಲ್ಲ. ಭಾರದ ಕೊಡಲಿ ಎತ್ತಿದವನು ಅದು ನೆಲಕ್ಕೆ ಬೀಳುವ ತನಕ ಅದರ ಆಳು. ಈ ಬದ್ಧತೆಯೇ ಪದ್ಧತಿಯ ಜೀವಾಳ. ದಮ್ಮಿನ ಪಟ್ಟಿಯನ್ನು ಮಾತ್ರ ನಕಲು ಮಾಡಿ, ಯಾವ ಏಟನ್ನಾದರೂ ಯಾವ ಕ್ಷಣದಲ್ಲಾದರೂ ಉರುಳಾಟದಿಂದ ಕತ್ತರಿಸಲು ಬಿಟ್ಟರೆ ನಿಮ್ಮ ಕೈಯಲ್ಲಿ ಉಳಿಯುವುದು ಬಣ್ಣದ ಗೀಟು ಮಾತ್ರ.

ಚಿಕ್ಕ ತಂಡಕ್ಕೆ ಇದರಲ್ಲಿ ದೊಡ್ಡ ಅನುಕೂಲವಿದೆ. ತಡೆಯುವುದಕ್ಕೆ ದಿಕ್ಕುಗಳಿಲ್ಲ, ಹಾಗಾಗಿ ಬೇಕಾದ ಅನಿಮೇಷನ್ ಕಡಿಮೆ. ಎತ್ತುವ ಹೊತ್ತನ್ನು 30, 40 ಫ್ರೇಮ್‌ಗೆ ಏರಿಸಿದರೂ ಆಟ ಸೊರಗುವುದಿಲ್ಲ, ಏಕೆಂದರೆ ಇಲ್ಲಿನ ಪರೀಕ್ಷೆ ಬೆರಳಿನ ವೇಗದ್ದಲ್ಲ, ಸಂಯಮದ್ದು. ಇನ್ನೊಂದು ಏಟು ಹೊಡೆಯಲೇ, ಉಸಿರು ಉಳಿಸಿಕೊಳ್ಳಲೇ ಎಂಬ ತೀರ್ಮಾನ ಪ್ರತಿ ಕ್ಷಣ ಎದುರಾಗುತ್ತದೆ. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ನಲ್ಲಿ ಫ್ರೇಮ್ ತುಸು ಕುಸಿದರೂ ಆ ತೀರ್ಮಾನದ ತೂಕ ಹಾಗೆಯೇ ಇರುತ್ತದೆ.

ಇದರ ದೌರ್ಬಲ್ಯ ಉರುಳಾಟ. ಉರುಳುವಾಗಿನ ಕೆಲವು ಫ್ರೇಮ್‌ಗಳಲ್ಲಿ ಯಾವ ಏಟೂ ತಗುಲುವುದಿಲ್ಲ ಎಂದಾದರೆ, ಕತ್ತಿಯಾಗಲಿ ಗದೆಯಾಗಲಿ ಆನೆಯ ತುಳಿತವಾಗಲಿ, ಎಲ್ಲಕ್ಕೂ ಉರುಳುವುದೇ ಉತ್ತರವಾಗಿಬಿಡುತ್ತದೆ. ಒಂದೇ ಉತ್ತರ ಎಲ್ಲ ಪ್ರಶ್ನೆಗಳಿಗೂ ಸಲ್ಲುವ ಕಡೆ ಓದುವ ಅಗತ್ಯವೇ ಬೀಳುವುದಿಲ್ಲ. ಆದ್ದರಿಂದ ಉರುಳಿದವನನ್ನು ಹಿಡಿಯುವ ಒಂದು ಏಟು ನಿಮ್ಮ ಪ್ರತಿ ಎದುರಾಳಿಯ ಬಳಿಯೂ ಇರಲಿ: ಅಗಲವಾಗಿ ತಡವಾಗಿ ಬೀಸುವ ಏಟು, ಅಥವಾ ಒಂದು ಕ್ಷಣ ತಡೆದು ಬಿಡುವ ಏಟು.

ದಿಕ್ಕಿನ ಪದ್ಧತಿ

ಏಟು ಯಾವ ಕಡೆಯಿಂದ ಬರುತ್ತದೋ ಆ ಕಡೆಗೇ ತಡೆ ಹಿಡಿಯಬೇಕು. ಟರ್ಕಿಯ ಟೇಲ್‌ವರ್ಲ್ಡ್ಸ್ ಸಂಸ್ಥೆ 2008ರಲ್ಲಿ ತಂದ ಮೌಂಟ್ ಅಂಡ್ ಬ್ಲೇಡ್‌ನಲ್ಲಿ ನಾಲ್ಕು ದಿಕ್ಕುಗಳು. ಯೂಬಿಸಾಫ್ಟ್‌ನ ಫಾರ್ ಆನರ್‌ನಲ್ಲಿ (2017) ಮೂರು. ಕನ್ನಡದ ಪ್ರೇಕ್ಷಕರಿಗೆ ಕತ್ತಿವರಸೆ ಎಂದ ಕೂಡಲೇ ಕಣ್ಣ ಮುಂದೆ ಬರುವ ಚಿತ್ರಕ್ಕೆ ಇದು ಬಹಳ ಹತ್ತಿರ. ಇಬ್ಬರು ಗೆಳೆಯರು ಅಕ್ಕಪಕ್ಕ ಕುಳಿತು ಆಡುವ ಆಟಕ್ಕಂತೂ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಹುಸಿ ಏಟು ಎಂಬ ಆಯುಧ ನಿಜವಾದ ಅರ್ಥದಲ್ಲಿ ಜೀವ ಪಡೆಯುವುದು ಇಲ್ಲಿಯೇ. ಬಲದಿಂದ ಎತ್ತಿ, ಎದುರಾಳಿ ಬಲಕ್ಕೆ ತಡೆ ತಿರುಗಿಸಿದ್ದನ್ನು ನೋಡಿ, ಎಡದಿಂದ ಇಳಿಸುವುದು. ಇಲ್ಲಿ ಗೆದ್ದವನು ಎದುರಿಗಿರುವವನ ಅಭ್ಯಾಸವನ್ನೇ ಓದಿರುತ್ತಾನೆ.

ಆದರೆ ಮೇಲಿನ ಫ್ರೇಮ್ ಲೆಕ್ಕ ಅತಿ ಕಠಿಣವಾಗಿ ಕಚ್ಚುವುದೂ ಇಲ್ಲಿಯೇ. ಫಾರ್ ಆನರ್ ಬಿಡುಗಡೆಯಾದ ಕಾಲದಲ್ಲಿ ಪಳಗಿದ ಆಟಗಾರರ ನಡುವೆ ತಡೆಯೇ ಮೇಲುಗೈ ಆಯಿತು. ಮೊದಲು ಹೊಡೆದವನಿಗೆ ನಷ್ಟ ಎಂದಾದಾಗ ಇಬ್ಬರೂ ಕಾಯುತ್ತಾ ನಿಲ್ಲುತ್ತಾರೆ. ಅದನ್ನು ಸರಿಪಡಿಸಲು ಏಟುಗಳನ್ನು ಚುರುಕುಗೊಳಿಸಿದರೆ ಇನ್ನೊಂದು ತುದಿಗೆ ಹೋಗುತ್ತೇವೆ, ಕಂಡು ತಡೆಯಲಾಗದಷ್ಟು ವೇಗ. ಆ ಗೇಮ್ ಆರಂಭದಲ್ಲಿ ಆಟಗಾರರ ಯಂತ್ರಗಳನ್ನೇ ಪರಸ್ಪರ ಜೋಡಿಸಿ ನಡೆಯುತ್ತಿತ್ತು, ಪ್ರತ್ಯೇಕ ಸರ್ವರ್‌ಗಳು ಬಂದದ್ದು 2018ರಲ್ಲಿ. ಅಷ್ಟು ದೊಡ್ಡ ಸಂಸ್ಥೆಯೇ ಒಂದು ವರ್ಷದ ಬಳಿಕ ಬುನಾದಿ ಬದಲಿಸಬೇಕಾಯಿತು ಎಂಬುದನ್ನು, ಸಕಲೇಶಪುರ, ಮೂಡಿಗೆರೆಯ ಮಳೆಗಾಲದ ಇಂಟರ್ನೆಟ್ ಮೇಲೆ ಇದೇ ಪದ್ಧತಿಯನ್ನು ಓಡಿಸಲು ಹೊರಟವರು ಗಮನದಲ್ಲಿ ಇಟ್ಟುಕೊಳ್ಳಬೇಕು.

ಕಾಯುತ್ತಾ ನಿಲ್ಲುವ ರೋಗಕ್ಕೆ ಮದ್ದು ವೇಗವಲ್ಲ, ತಡೆಯನ್ನು ಮುರಿಯುವ ಪಟ್ಟು. ತಡೆ ಹಿಡಿದು ನಿಂತವನನ್ನು ಭುಜ ಹಿಡಿದು ತಳ್ಳುವ ನಡೆ ಒಂದಿರಲಿ. ತಳ್ಳಲು ಬಂದವನಿಗೆ ಚುರುಕು ಏಟು ತಗುಲಲಿ, ಚುರುಕು ಏಟನ್ನು ತಡೆ ನಿಲ್ಲಿಸಲಿ. ಈ ಮೂರೂ ಒಂದನ್ನೊಂದು ಸುತ್ತುವರಿದರೆ ಸುಮ್ಮನೆ ನಿಲ್ಲುವುದು ಯಾರಿಗೂ ಲಾಭವಾಗುವುದಿಲ್ಲ.

ಟಚ್ ಪರದೆಗೆ ಮಾಡುತ್ತಿದ್ದರೆ ದಿಕ್ಕಿನ ಪದ್ಧತಿಗೆ ಇನ್ನೊಂದು ಅಂಕ ಕೊಡುತ್ತೇನೆ. ಪರದೆಯ ಮೇಲೆ ಬೆರಳು ಎಳೆಯುವುದು ಸಹಜವಾಗಿಯೇ ದಿಕ್ಕಿನ ಕ್ರಿಯೆ. 2010ರಲ್ಲಿ ಐಫೋನ್‌ಗೆ ಬಂದ ಇನ್ಫಿನಿಟಿ ಬ್ಲೇಡ್ ಇದನ್ನು ಅದ್ಭುತವಾಗಿ ತೋರಿಸಿತು. ಗಾಜಿನ ಮೇಲೆ ಆರು ಬಟನ್‌ಗಳನ್ನು ಚಿತ್ರಿಸಿ ಬೆರಳು ತಡಕಾಡುವಂತೆ ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ತಟ್ಟಿಹಾಕುವ ಪದ್ಧತಿ

ಏಟು ತಗುಲುವ ಕ್ಷಣಕ್ಕೆ ಸರಿಯಾಗಿ ತಡೆದರೆ ಬಹುಮಾನ, ಮೊದಲೇ ತಡೆ ಹಿಡಿದು ಕುಳಿತರೆ ದಂಡ. ಇದರ ಬೇರು ಆರ್ಕೇಡ್ ಕಾಲದ್ದು. 1999ರ ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್‌ನಲ್ಲಿ ಏಟು ಬರುವಾಗ ಅದರತ್ತಲೇ ಲಿವರ್ ಒತ್ತಿದರೆ ನಷ್ಟವಿಲ್ಲದೆ ತಟ್ಟಿಹಾಕಬಹುದಿತ್ತು. 2004ರ ಇವೊ ಎಂಬ ಫೈಟಿಂಗ್ ಗೇಮ್ ಸ್ಪರ್ಧೆಯಲ್ಲಿ ಜಪಾನಿನ ಡೈಗೊ ಉಮೆಹಾರ ಅಮೆರಿಕದ ಜಸ್ಟಿನ್ ವಾಂಗ್ ಎದುರು ಬಹುತೇಕ ಬರಿದಾದ ಹೆಲ್ತ್ ಪಟ್ಟಿಯೊಂದಿಗೆ ನಿಂತು, ವಾಂಗ್ ಆಡಿಸುತ್ತಿದ್ದ ಚುನ್ ಲಿ ಪಾತ್ರದ ಒದೆತಗಳ ಸುರಿಮಳೆಯನ್ನು ಒಂದೊಂದಾಗಿ ತಟ್ಟಿಹಾಕಿ ತಿರುಗಿ ಗೆದ್ದ ದೃಶ್ಯವನ್ನು ಇಂದಿಗೂ ಜನ ಹುಡುಕಿ ನೋಡುತ್ತಾರೆ. ಅಲ್ಲಿ ಮಾಮೂಲಿ ತಡೆ ಹಿಡಿದಿದ್ದರೆ ತಡೆಯ ಮೂಲಕ ಸೋರುವ ಚೂರು ಪೆಟ್ಟೇ ಅವರನ್ನು ಸೋಲಿಸುತ್ತಿತ್ತು. ಸುರಕ್ಷಿತ ಉತ್ತರ ಸಾಲದೆ ಹೋದದ್ದರಿಂದಲೇ ಕೌಶಲದ ಉತ್ತರ ಅನಿವಾರ್ಯವಾಯಿತು. ವಿನ್ಯಾಸಕಾರರು ಆ ದೃಶ್ಯದಲ್ಲಿ ನೋಡಬೇಕಾದದ್ದು ಇದನ್ನೇ.

ಈ ಪದ್ಧತಿಯನ್ನು ಪೂರ್ತಿ ಆಟವಾಗಿ ಬೆಳೆಸಿದ್ದು 2019ರ ಸೆಕಿರೊ. ಅಲ್ಲಿ ದಮ್ಮಿನ ಪಟ್ಟಿ ಇಲ್ಲ, ನಿಲುವಿನ ಪಟ್ಟಿ ಇದೆ. ಸರಿಯಾದ ಕ್ಷಣಕ್ಕೆ ತಟ್ಟಿದಷ್ಟೂ ಎದುರಾಳಿಯ ನಿಲುವು ಕುಸಿಯುತ್ತದೆ, ಪೂರ್ತಿ ಕುಸಿದಾಗ ಒಂದೇ ಇರಿತಕ್ಕೆ ಅಂತ್ಯ. ಎದುರಾಳಿಯ ಹೆಲ್ತ್ ಕಡಿಮೆಯಾದಂತೆ ನಿಲುವು ಚೇತರಿಸುವ ವೇಗವೂ ಇಳಿಯುತ್ತದೆ, ಹಾಗಾಗಿ ಹೊಡೆಯುವುದಕ್ಕೂ ತಡೆಯುವುದಕ್ಕೂ ಬೆಸುಗೆ ಬೀಳುತ್ತದೆ. ತಡೆಯ ಬಟನ್ನನ್ನು ಪಟಪಟನೆ ಒತ್ತುವವರಿಗೆ ಸಿಗುವ ಸಮಯದ ಕಿಂಡಿ ಕಿರಿದಾಗುತ್ತಾ ಹೋಗುತ್ತದೆ. ಚುಚ್ಚುವ ಏಟಿಗೆ ಒಂದು ಉತ್ತರ, ಕಾಲಿನ ಕಡೆ ಬೀಸುವ ಏಟಿಗೆ ಜಿಗಿತ, ಹೀಗೆ ಪ್ರಶ್ನೆ ಬದಲಾದಂತೆ ಉತ್ತರವೂ ಬದಲಾಗುತ್ತದೆ.

ಒಬ್ಬರೇ ಆಡುವ ಗೇಮ್‌ಗೆ ಇದು ಅತ್ಯಂತ ತೀವ್ರವಾದ ಅನುಭವ ಕೊಡುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಚಂಡೆಯ ತಾಳಕ್ಕೆ ಹೆಜ್ಜೆ ಹಾಕುವ ವೇಷಧಾರಿಯಂತೆ ಆಟಗಾರ ಎದುರಾಳಿಯ ಲಯದೊಳಗೆ ಇಳಿಯುತ್ತಾನೆ. ಹಾಗೆಂದು ಇದರ ಬೆಲೆ ಕಡಿಮೆಯಲ್ಲ. ಪ್ರತಿ ಎದುರಾಳಿಗೂ ಬೇರೆ ಲಯ ಬೇಕು, ಪ್ರತಿ ಏಟಿಗೂ ಸ್ಪಷ್ಟವಾದ ಸದ್ದು ಬೇಕು. ಸರಿಯಾಗಿ ತಟ್ಟಿದಾಗ ಒಂದು ಸದ್ದು, ಸುಮ್ಮನೆ ತಡೆದಾಗ ಇನ್ನೊಂದು. ಎರಡಕ್ಕೂ ಒಂದೇ ಸದ್ದಿಟ್ಟರೆ ಆಟಗಾರನಿಗೆ ತಾನು ಕಲಿಯುತ್ತಿದ್ದೇನೆಯೇ ಎಂಬುದೇ ತಿಳಿಯುವುದಿಲ್ಲ. ಬ್ಲೂಟೂತ್ ಇಯರ್‌ಫೋನ್‌ಗಳಲ್ಲಿ ಸದ್ದು ತಡವಾಗಿ ಕೇಳಿಸುವುದು ಸಾಮಾನ್ಯ, ಆದ್ದರಿಂದ ಸದ್ದಿನ ಜೊತೆಗೆ ಕಿಡಿಯನ್ನೋ ಮಿಂಚನ್ನೋ ಇಡಲೇಬೇಕು. ಆನ್‌ಲೈನ್‌ನಲ್ಲಿ ಮನುಷ್ಯರ ಎದುರು ಇದನ್ನು ಆಡಿಸಲು ನಾನು ಶಿಫಾರಸು ಮಾಡುವುದಿಲ್ಲ.

ಕೈಯಳತೆಯ ಪದ್ಧತಿ

ಮೌಸ್ ಹೇಗೆ ಚಲಿಸುತ್ತದೋ ಕತ್ತಿಯೂ ಹಾಗೆ. 1998ರ ಡೈ ಬೈ ದಿ ಸ್ವೋರ್ಡ್ ಕಾಲದಿಂದಲೂ ಇದು ಗೇಮ್ ಕಟ್ಟುವವರ ಕನಸು. ಸ್ಲೊವೇನಿಯಾ ಮೂಲದ ಚಿಕ್ಕ ತಂಡವೊಂದು 2019ರಲ್ಲಿ ತಂದ ಮಾರ್ಡಾವ್ ಇದರ ಹದವಾದ ರೂಪ. ಏಟಿನ ಕೋನ ಆರಿಸಿದ ಮೇಲೆ ಮೈ ತಿರುಗಿಸಿ ಅಲಗನ್ನು ಬೇಗ ಮುಟ್ಟಿಸಬಹುದು, ಬೇಕೆಂದೇ ತಡಮಾಡಿಯೂ ಮುಟ್ಟಿಸಬಹುದು. ತಡೆ ಕೇವಲ ಒಂದು ಚಿಕ್ಕ ಅವಧಿಯದು, ಆದ್ದರಿಂದ ತಡವಾಗಿ ಬಂದ ಅಲಗು ತಡೆ ಇಳಿದ ಮೇಲೆ ತಗುಲುತ್ತದೆ. ಇದರ ಕೌಶಲಕ್ಕೆ ಮೇಲ್ಮಿತಿಯೇ ಇಲ್ಲ. ಹೊಸಬರು ಮಾತ್ರ ಮೊದಲ ಸಂಜೆಯೇ ಸೋತು ಸುಣ್ಣವಾಗಿ ಎದ್ದುಹೋಗುತ್ತಾರೆ. ಬೆನ್ನು ತಿರುಗಿಸಿ ಗಿರಕಿ ಹೊಡೆದು ಬೀಸುವಂಥ ವಿಚಿತ್ರ ವರಸೆಗಳು ಹುಟ್ಟದಂತೆ ತಿರುಗುವ ವೇಗಕ್ಕೆ ಮಿತಿ ಹಾಕಬೇಕಾಗುತ್ತದೆ.

ತಾಂತ್ರಿಕವಾಗಿಯೂ ಇದು ಕಷ್ಟದ ದಾರಿ. ಭುಜದಿಂದ ಅಲಗಿನ ತುದಿಗೆ ಒಂದೂವರೆ ಮೀಟರ್, ಬೀಸು 120 ಡಿಗ್ರಿ, ಅವಧಿ ಸೆಕೆಂಡಿನ ಹತ್ತನೇ ಒಂದು ಭಾಗ ಎಂದಾದರೆ ತುದಿ ಸುಮಾರು 3.1 ಮೀಟರ್ ಚಲಿಸುತ್ತದೆ. ಅದು 6 ಫ್ರೇಮ್‌ಗಳಲ್ಲಿ, ಅಂದರೆ ಪ್ರತಿ ಫ್ರೇಮ್‌ಗೆ ಅರ್ಧ ಮೀಟರ್ ನೆಗೆತ. ಎದುರಾಳಿಯ ಕುತ್ತಿಗೆ ಆ ಅರ್ಧ ಮೀಟರ್ ನಡುವೆ ಇದ್ದರೆ ಕತ್ತಿ ಅದನ್ನು ಮುಟ್ಟದೆಯೇ ದಾಟಿರುತ್ತದೆ. ಪರಿಹಾರ ಸರಳ: ಹಿಡಿಯಿಂದ ತುದಿಯವರೆಗೆ ನಾಲ್ಕೈದು ಬಿಂದುಗಳನ್ನು ಗುರುತಿಸಿ, ಪ್ರತಿ ಬಿಂದುವಿನ ಹಿಂದಿನ ಫ್ರೇಮ್‌ನ ಸ್ಥಾನದಿಂದ ಈಗಿನ ಸ್ಥಾನಕ್ಕೆ ಗೆರೆ ಎಳೆದು ಆ ಗೆರೆ ಯಾವುದಕ್ಕೆ ತಾಗಿತೆಂದು ಪರೀಕ್ಷಿಸಿ. ಈ ಕೆಲಸ ನಾಲ್ಕೂ ಪದ್ಧತಿಗಳಿಗೆ ಉಪಯುಕ್ತ, ಇಲ್ಲಿ ಮಾತ್ರ ಕಡ್ಡಾಯ. ಕತ್ತಿಯ ವರ್ತನೆಯೇ ನಿಮ್ಮ ಗೇಮ್‌ನ ಏಕೈಕ ವಿಷಯವಾಗಿದ್ದರೆ ಈ ದಾರಿ ಹಿಡಿಯಿರಿ. ಕಥೆ, ಊರು, ಪ್ರಯಾಣ ಎಲ್ಲವೂ ಇರುವ ಗೇಮ್‌ನ ಒಂದು ಭಾಗವಾಗಿ ಇದು ಬೇಡ.

ನಿಮಗೆ ಯಾವುದು?

ಮೂವರು ನಾಲ್ವರ ತಂಡ, ಕಥೆಯಿರುವ ಒಂಟಿ ಆಟ, ಕಾಲೇಜಿನ ಕಂಪ್ಯೂಟರ್‌ಗಳು ಎಂದರೆ ದಮ್ಮಿನ ಪದ್ಧತಿಯನ್ನು ಬುನಾದಿಯಾಗಿ ಇಟ್ಟು, ಮುಖ್ಯ ಎದುರಾಳಿಗಳ ಕಾಳಗಕ್ಕೆ ಮಾತ್ರ ತಟ್ಟಿಹಾಕುವುದನ್ನು ಸೇರಿಸಿ. ಒಂದೇ ಪರದೆಯ ಮುಂದೆ ಇಬ್ಬರು ಆಡುವ ಗೇಮ್‌ಗೆ ಮೂರು ದಿಕ್ಕುಗಳು. ನಾಲ್ಕನೆಯದು ಅನಿಮೇಷನ್ ಕೆಲಸವನ್ನು ಹೆಚ್ಚಿಸುವಷ್ಟು ಆಟದ ರುಚಿಯನ್ನು ಹೆಚ್ಚಿಸುವುದಿಲ್ಲ. ಮೊಬೈಲ್‌ಗೂ ದಿಕ್ಕೇ ಸರಿ, ಎತ್ತುವ ಹೊತ್ತು ಮಾತ್ರ 36 ಫ್ರೇಮ್‌ಗಿಂತ ಕಡಿಮೆ ಬೇಡ.

ಆನ್‌ಲೈನ್ ಆಡಿಸಲೇಬೇಕೆಂದಿದ್ದರೆ ಎರಡು ಹಾದಿಗಳಿವೆ. ಒಂದು, ತಡೆಯುವವನ ಪರದೆಯಲ್ಲಿ ಸರಿಯಾಗಿ ತಡೆದದ್ದು ಕಂಡಿದ್ದರೆ ಸರ್ವರ್ ಅದನ್ನೇ ಒಪ್ಪುವಂತೆ ಮಾಡುವುದು. ಹೊಡೆದವನಿಗೆ ಆಗಾಗ ‘ತಗುಲಿತ್ತಲ್ಲ’ ಎನಿಸುತ್ತದೆ, ಜೊತೆಗೆ ಮೋಸ ತಡೆಯುವ ಕಾವಲೂ ಬೇಕಾಗುತ್ತದೆ. ಆದರೂ ಓದುವ ಕೌಶಲ ಉಳಿಯುತ್ತದೆ. ಇನ್ನೊಂದು, ಫೈಟಿಂಗ್ ಗೇಮ್‌ಗಳಲ್ಲಿ ರೂಢಿಯಾಗಿರುವ ರೋಲ್‌ಬ್ಯಾಕ್. ಎದುರಾಳಿಯ ನಡೆಯನ್ನು ಊಹಿಸಿ ಆಟ ಮುಂದುವರಿಸಿ, ಊಹೆ ತಪ್ಪಿದರೆ ಹಿಂದಕ್ಕೆ ಹೋಗಿ ತಿದ್ದುವ ವಿಧಾನ ಅದು. ತಿದ್ದಿದಾಗ ಏಟಿನ ಮೊದಲ ಕೆಲವು ಫ್ರೇಮ್‌ಗಳು ಪರದೆಯಲ್ಲಿ ಮಾಯವಾಗುತ್ತವೆ, ಆದ್ದರಿಂದ ಎತ್ತುವ ಹೊತ್ತಿನ ಆರಂಭದಲ್ಲೇ ಮುಖ್ಯ ಸುಳಿವನ್ನು ಮುಗಿಸಿಬಿಡಬೇಡಿ. ಯಾವ ಎಂಜಿನ್ (ಗೇಮ್ ಕಟ್ಟುವ ತಂತ್ರಾಂಶ) ಎಂಬುದು ಇಲ್ಲಿ ದೊಡ್ಡ ಪ್ರಶ್ನೆಯಲ್ಲ. ಉಚಿತವಾಗಿ ಸಿಗುವ ಗೊಡೋ ಕೂಡ ಭೌತಿಕ ಲೆಕ್ಕವನ್ನು ಸೆಕೆಂಡಿಗೆ 60 ಬಾರಿ ಮಾಡುವ ಹಾಗೆಯೇ ಬರುತ್ತದೆ. ಫ್ರೇಮ್ ಎಣಿಕೆಯನ್ನು ಆ ಗಡಿಯಾರಕ್ಕೆ ಕಟ್ಟಿ, ಚಿತ್ರ ಬಿಡಿಸುವ ವೇಗಕ್ಕೆ ಕಟ್ಟಬೇಡಿ.

ಯಾವುದನ್ನೇ ಆರಿಸಿದರೂ ಬೂದು ಬಣ್ಣದ ಎರಡು ಪೆಟ್ಟಿಗೆಗಳಿಂದ ಶುರುಮಾಡಿ. ಒಂದು ಏಟು, ಒಂದು ತಡೆ, ತಡೆಯನ್ನು ಮುರಿಯುವ ಒಂದು ನಡೆ ಸಾಕು. ಆಟ ಗೊತ್ತಿರುವ ಒಬ್ಬರನ್ನು, ಹೊಸಬರೊಬ್ಬರನ್ನು ಎದುರುಬದುರು ಕೂರಿಸಿ ಹತ್ತು ಸುತ್ತು ಆಡಿಸಿ. ಗೊತ್ತಿರುವವರು ಐದಾರು ಸುತ್ತು ಮಾತ್ರ ಗೆದ್ದರೆ ಆಟದಲ್ಲಿ ಊಹೆ ಹೆಚ್ಚಾಗಿದೆ, ಎತ್ತುವ ಹೊತ್ತನ್ನು ಉದ್ದ ಮಾಡಿ. ಇಬ್ಬರೂ ಕಾಯುತ್ತಾ ನಿಂತರೆ ತಡೆ ಅಗ್ಗವಾಗಿದೆ, ಅದರ ಬೆಲೆ ಏರಿಸಿ. ಸೋತವರನ್ನು ‘ಆ ಏಟು ಏಕೆ ತಗುಲಿತು?’ ಎಂದು ಕೇಳಿ. ‘ಬೇಗ ತಡೆ ಇಳಿಸಿದೆ’, ‘ಎಡಕ್ಕೆ ನೋಡಲಿಲ್ಲ’ ಎಂಬಂಥ ಉತ್ತರ ಬರುವ ತನಕ ಎರಡನೆಯ ಆಯುಧವನ್ನು ಸೇರಿಸಬೇಡಿ.